ಕಾರ್ಡ್ ಐತಿ, ಡಾಕ್ಟರ್ ಎಲ್ಲಿ ಅದಾರ?

ಧಾರವಾಡದಿಂದ ಅಳ್ನಾವರ ಕಡೆ ಹೋಗುವ ಈ ಭಾಗದ ಯಾವ ಊರಿಗೆ ಸುದ್ದಿಗೆಂದು ಹೋದರೂ ಜನ ಕೇಳುವ ಒಂದು ಪ್ರಶ್ನೆ ಈಗ ಖಾಯಂ ಆಗಿದೆ. ಮುಗದದ ಸೊಸೈಟಿ ಕಟ್ಟೆಯ ಮೇಲೂ ಅದೇ, ಮಂಡಿಹಾಳದ ಚಹಾದಂಗಡಿಯಲ್ಲೂ ಅದೇ.

"ರೀ ಸರ, ಧಾರವಾಡದಾಗ ಆಯುಷ್ಮಾನ್ ಕಾರ್ಡ್ ತಗೊಳ್ಳೋ ಚಲೋ ಡಾಕ್ಟರ್ ಯಾರರ ಅದಾರೇನ್ರಿ? ಮನಿಮಂದಿಗೆಲ್ಲಾ ಒಬ್ಬರಿಗೇ ತೋರಿಸಬೇಕಂತ ಮಾಡೀನಿ."

ಉತ್ತರ ಒಂದೇ ಸಾಲಿನದು. ಇಲ್ಲ. ಒಬ್ಬರೂ ಇಲ್ಲ. ಧಾರವಾಡದಲ್ಲಿ ಇಲ್ಲ, ಹುಬ್ಬಳ್ಳಿಯಲ್ಲಿ ಇಲ್ಲ, ಬೆಂಗಳೂರಿನಲ್ಲೂ ಇಲ್ಲ. ಕ್ಲಿನಿಕ್ ನಡೆಸುವ ಡಾಕ್ಟರಿಗೆ ಆ ಕಾರ್ಡ್ ತೋರಿಸಿದರೆ ಅವರು ನಕ್ಕು, "ಇದು ಇಲ್ಲಿ ನಡೆಯಂಗಿಲ್ಲಪಾ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಜ್ವರಕ್ಕೆ, ಕೆಮ್ಮಿಗೆ, ಶುಗರಿಗೆ, ಬಿ.ಪಿ.ಗೆ ಒಬ್ಬ ಡಾಕ್ಟರ ಎದುರು ಕೂತು ತೋರಿಸಿಕೊಂಡು ಬರುವ ಕೆಲಸಕ್ಕೆ ಈ ಕಾರ್ಡಿನಲ್ಲಿ ಒಂದು ಪೈಸೆಯೂ ಇಲ್ಲ.

ಇದನ್ನು ಜನರಿಗೆ ಯಾರೂ ಬಾಯಿಬಿಟ್ಟು ಹೇಳಿಲ್ಲ. ಗ್ರಾಮ ಒನ್‌ನಲ್ಲಿ ಪಾಳಿ ಹಚ್ಚಿ, ಬೆರಳೊತ್ತಿ, ಕಾರ್ಡ್ ಮಾಡಿಸಿ, ಪ್ಲಾಸ್ಟಿಕ್ ಹೊದಿಸಿ, ಟ್ರಂಕಿನಲ್ಲಿ ಇಟ್ಟವರಿಗೆ ಹೇಳಿದ್ದು ಒಂದೇ ಮಾತು: ಐದು ಲಕ್ಷ ಫ್ರೀ. ಆ ಐದು ಲಕ್ಷ ಯಾವಾಗ ಸಿಗುತ್ತದೆ, ಯಾವಾಗ ಸಿಗುವುದಿಲ್ಲ ಎಂಬುದು ಮಾತ್ರ ಆಸ್ಪತ್ರೆಯ ಕೌಂಟರಿನ ಮುಂದೆ ನಿಂತಾಗ ತಿಳಿಯುತ್ತದೆ.

ಹಾಸಿಗೆ ಮೇಲೆ ಬಿದ್ದವರಿಗಷ್ಟೇ

ಕರ್ನಾಟಕ ಸರ್ಕಾರ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಶುರು ಮಾಡಿತು. ಅದೇ ವರ್ಷ ಸೆಪ್ಟೆಂಬರ್ 23ಕ್ಕೆ ಕೇಂದ್ರದ 'ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆ' ಬಂತು. ಅಕ್ಟೋಬರ್ ಕೊನೆಯಲ್ಲಿ ಎರಡೂ ಕೂಡಿ 'ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ' ಆಯಿತು. ಆಮೇಲೆ ಹೆಸರಿಗೆ ಇನ್ನೂ ಬಾಲಗಳು ಸೇರಿವೆ. ಈಗ ಪೂರ್ತಿ ಹೆಸರು ಓದಿ ಮುಗಿಸುವಷ್ಟರಲ್ಲಿ ಬಸ್ ಹೋಗಿರುತ್ತದೆ.

ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಮನೆಗೆ ಸರ್ಕಾರಿ ದರದ ಶೇ. 30ರಷ್ಟು, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಹಣ ಕೊಡುವುದು ಇನ್ಶೂರೆನ್ಸ್ ಕಂಪನಿ ಅಲ್ಲ. ಸರ್ಕಾರದ್ದೇ ಆದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಅಂದರೆ ನೇರವಾಗಿ ನಮ್ಮ ತೆರಿಗೆ ದುಡ್ಡು.

ಯೋಜನೆ ಶುರುವಾದಾಗ 1650 ಬಗೆಯ ಚಿಕಿತ್ಸೆಗಳ ಪಟ್ಟಿ ಮಾಡಿದರು. ಅದರಲ್ಲಿ 291 ಸಾಮಾನ್ಯ ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಗೇ ಹೋಗಬೇಕು. ಅದಕ್ಕಿಂತ ದೊಡ್ಡ ಕಾಯಿಲೆಗಳಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆಗುವುದಿಲ್ಲ ಎಂದಾದರೆ ರೆಫರಲ್ ಚೀಟಿ ತಗೊಂಡು ಖಾಸಗಿಗೆ ಹೋಗಬೇಕು. 169 ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ.

ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ ನೋಡಿ. ಹೃದಯದ ಆಪರೇಷನ್ ಇದೆ, ಕ್ಯಾನ್ಸರ್ ಇದೆ, ಡಯಾಲಿಸಿಸ್ ಇದೆ, ಸುಟ್ಟ ಗಾಯ ಇದೆ. ಎಲ್ಲಾ ಬೇಕಾದವೇ. ಆದರೆ ಹೃದಯ ಕೆಡದಂತೆ, ಕಿಡ್ನಿ ಹೋಗದಂತೆ ವರ್ಷವಿಡೀ ನೋಡಿಕೊಳ್ಳುವ ಡಾಕ್ಟರ ಹೆಸರು ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಕೇಂದ್ರದ ಯೋಜನೆಯ ನಿಯಮ ಇನ್ನೂ ಸ್ಪಷ್ಟ. ಆಸ್ಪತ್ರೆ ಸೇರುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ಔಷಧಿ, ತಪಾಸಣೆ ಖರ್ಚು ಪ್ಯಾಕೇಜಿನಲ್ಲೇ ಸೇರುತ್ತದೆ. 16ನೇ ದಿನ? ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವನು ಬದುಕಿರುವವರೆಗೆ ಗುಳಿಗಿ ನುಂಗಬೇಕು. 16ನೇ ದಿನದಿಂದ ಅವನಿಗೂ ಕಾರ್ಡಿಗೂ ಸಂಬಂಧ ಇಲ್ಲ.

ಒಂದು ಗುಳಿಗಿಗೆ ಒಂದು ದಿನ

"ಮತ್ತs ಸರ್ಕಾರಿ ದವಾಖಾನಿ ಐತೆಲ್ಲಾ, ಅಲ್ಲಿ ಕಾರ್ಡೇ ಬ್ಯಾಡ, ಪುಗಸಟ್ಟೆ ನೋಡ್ತಾರ" ಅಂತ ಯಾರಾದರೂ ಹೇಳಬಹುದು. ಸರಿಯಾದ ಮಾತೇ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ. ನೋಡುತ್ತಾರೆ, ಶುಗರ್ ನೋಡುತ್ತಾರೆ, ಗುಳಿಗಿ ಇದ್ದರೆ ಕೊಡುತ್ತಾರೆ. ಆಶಾ ಅಕ್ಕಂದಿರು ಮನೆ ಮನೆಗೆ ಬರುತ್ತಾರೆ. ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬಂದ ಮೇಲೆ 30 ವರ್ಷ ದಾಟಿದವರ ತಪಾಸಣೆ ನಡೆದಿದೆ. ಈ ಕೆಲಸ ಮಾಡುವವರನ್ನು ಬೈಯಲು ಈ ಬರಹ ಅಲ್ಲ. ಅವರ ಮೇಲೆ ಹೇರಿದ ಭಾರದ ಬಗ್ಗೆ ಈ ಬರಹ.

ಸರ್ಕಾರದ ಲೆಕ್ಕದ ಪ್ರಕಾರ ಬಯಲು ಸೀಮೆಯಲ್ಲಿ 30 ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಅಲ್ಲಿ ಒಬ್ಬ ಎಂಬಿಬಿಎಸ್ ಡಾಕ್ಟರ್, ಅದೃಷ್ಟ ಇದ್ದರೆ ಇಬ್ಬರು. ಆ ಡಾಕ್ಟರೇ ಓಪಿಡಿ ನೋಡಬೇಕು, ಲಸಿಕೆ ಕಾರ್ಯಕ್ರಮ ನೋಡಬೇಕು, ತಾಲೂಕು ಮೀಟಿಂಗಿಗೆ ಹೋಗಬೇಕು, ಆನ್‌ಲೈನ್ ವರದಿ ತುಂಬಬೇಕು. ಇಂಗ್ಲೆಂಡಿನಲ್ಲಿ ಒಬ್ಬ ಕುಟುಂಬ ವೈದ್ಯರ ಪಾಲಿಗೆ ಎರಡು ಸಾವಿರದ ಚಿಲ್ಲರೆ ಜನ ಬರುತ್ತಾರೆ. ಅಷ್ಟಕ್ಕೇ ಅಲ್ಲಿನ ಡಾಕ್ಟರುಗಳು ಹೊರೆ ಜಾಸ್ತಿ ಆಯಿತು ಎನ್ನುತ್ತಾರೆ. ನಮ್ಮಲ್ಲಿ 30 ಸಾವಿರ. ಇದರಲ್ಲಿ ಯಾವ ಡಾಕ್ಟರು ಯಾರ ಮುಖ ನೆನಪಿಟ್ಟುಕೊಂಡಾರು?

ಇನ್ನು ಡಾಕ್ಟರ್ ಬದಲಾಗುವ ಮಾತು. ರಾಜ್ಯದಲ್ಲಿ 2012ರ ಕಾಯ್ದೆಯಿಂದ ಕಡ್ಡಾಯ ಗ್ರಾಮೀಣ ಸೇವೆ ಬಂತು. ಓದು ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷದ ಮಟ್ಟಿಗೆ ಹಳ್ಳಿಗೆ ಬರುತ್ತಾರೆ. ಬಂದವರು ಒಳ್ಳೆಯವರೇ ಇರುತ್ತಾರೆ. ಆದರೆ ಅಜ್ಜಿಯ ಬಿ.ಪಿ. ಯಾವ ಗುಳಿಗಿಗೆ ಹತೋಟಿಗೆ ಬರುತ್ತದೆ ಎಂದು ತಿಳಿಯುವ ಹೊತ್ತಿಗೆ ಅವರ ವರ್ಷ ಮುಗಿದು, ಪಿಜಿ ಸೀಟು ಸಿಕ್ಕು, ಗಂಟುಮೂಟೆ ಕಟ್ಟಿರುತ್ತಾರೆ. ಹೊಸಬರ ಮುಂದೆ ಅಜ್ಜಿ ಮತ್ತೆ ಮೊದಲಿಂದ ಕಥೆ ಹೇಳಬೇಕು.

ಹೊತ್ತಿನ ಲೆಕ್ಕವನ್ನೂ ನೋಡಿ. ಓಪಿಡಿ ನಡೆಯುವುದು ಹಗಲಿನಲ್ಲಿ. ಹೊಲದ ಕೆಲಸ, ಕೂಲಿ ಕೆಲಸ ನಡೆಯುವುದೂ ಹಗಲಿನಲ್ಲೇ. ಮುಗದದಿಂದ ಧಾರವಾಡ ದೂರ ಏನಲ್ಲ, ಹದಿನೈದು ಕಿಲೋಮೀಟರಿನೊಳಗೆ. ಆದರೆ ಬಸ್ ಹಿಡಿದು ಸಿಬಿಟಿಗೆ ಬಂದು, ಅಲ್ಲಿಂದ ಸಿವಿಲ್ ಆಸ್ಪತ್ರೆ ಮುಟ್ಟಿ, ಚೀಟಿ ಮಾಡಿಸಿ, ಡಾಕ್ಟರ ಬಾಗಿಲಿಗೆ ಒಂದು ಪಾಳಿ, ರಕ್ತ ಕೊಡಲು ಒಂದು ಪಾಳಿ, ಗುಳಿಗಿಗೆ ಒಂದು ಪಾಳಿ ಹಚ್ಚಿ ಬರುವಷ್ಟರಲ್ಲಿ ದಿನ ಹೋಗುತ್ತದೆ. ಕಿಮ್ಸ್‌ಗೆ ಬರೆದರೆ ಜುಬಿಲಿ ಸರ್ಕಲ್‌ನಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ; ಅದು ಇನ್ನೊಂದು ದಿನ.

ಶಕ್ತಿ ಯೋಜನೆಯಿಂದ ಹೆಂಗಸರಿಗೆ 2023ರ ಜೂನ್‌ನಿಂದ ಬಸ್ ಚಾರ್ಜಿಲ್ಲ. ಆದರೆ ಹೋದ ಕೂಲಿಯನ್ನು ಯಾರೂ ಕೊಡುವುದಿಲ್ಲ. 2025-26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ರೋಗಿಯ ಜತೆ ಒಬ್ಬರು ಹೋದರೆ 740. ತಿಂಗಳಿಗೊಮ್ಮೆ ಹೋದರೆ ವರ್ಷಕ್ಕೆ 8,880. ಇದು 'ಪುಗಸಟ್ಟೆ' ಚಿಕಿತ್ಸೆಯ ಬೆಲೆ.

ಹಾಗಾಗಿ ಜನ ಏನು ಮಾಡುತ್ತಾರೆ? ಸಂಜೆ ಊರಿಗೆ ಬಂದ ಮೇಲೆ ಬಾಗಿಲು ತೆರೆದಿರುವ ಕಡೆ ಹೋಗುತ್ತಾರೆ. ಡಿಗ್ರಿ ಇಲ್ಲದವರು ಒಂದು ಸೂಜಿ ಚುಚ್ಚುತ್ತಾರೆ, ಒಂದು ಸಲೈನ್ ಏರಿಸುತ್ತಾರೆ, ಜ್ವರ ಇಳಿಯುತ್ತದೆ. ಇಲ್ಲವೇ ಮೆಡಿಕಲ್ ಶಾಪಿನವನಿಗೇ ಹಳೇ ಚೀಟಿ ತೋರಿಸಿ ಅದೇ ಗುಳಿಗಿ ತರುತ್ತಾರೆ. ಇಲ್ಲವೇ ಗುಳಿಗಿ ಬಿಟ್ಟೇ ಬಿಡುತ್ತಾರೆ. "ಮೈ ಹಗುರ ಆತು, ಇನ್ನ ಯಾಕ ನುಂಗೂದು?"

ಸದ್ದಿಲ್ಲದ ಕಾಯಿಲೆಗಳು

ಇಲ್ಲೇ ಜೀವ ಹೋಗುವ ವಿಷಯ ಬರುವುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಹಳ್ಳಿಗಳಲ್ಲೇ ದೊಡ್ಡವರಲ್ಲಿ ಶೇ. 8.9. ಬಿ.ಪಿ. ಇನ್ನೂ ಜಾಸ್ತಿ: ದೇಶದ ದೊಡ್ಡವರಲ್ಲಿ ಮೂವರಿಗೊಬ್ಬರಿಗಿಂತ ಹೆಚ್ಚು. ಶುಗರ್ ಶ್ರೀಮಂತರ ರೋಗ ಎಂಬ ಮಾತು ಎಂದೋ ಹಳತಾಯಿತು.

ಬಿ.ಪಿ. ನೋಯುವುದಿಲ್ಲ. ಶುಗರ್ ಮೊದಮೊದಲು ನೋಯುವುದಿಲ್ಲ. ಅವು ಹುಳದ ಹಾಗೆ ಒಳಗೊಳಗೇ ತಿನ್ನುತ್ತವೆ. ಹತ್ತು ವರ್ಷದ ಮೇಲೆ ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋಗುತ್ತದೆ. "ಲಕ್ವಾ ಹೊಡೀತು" ಅನ್ನುತ್ತೇವೆ, ಎಲ್ಲಿಂದಲೋ ಬಂದು ಹೊಡೆದ ಹಾಗೆ. ಅದು ಎಲ್ಲಿಂದಲೂ ಬಂದದ್ದಲ್ಲ. ಹತ್ತು ವರ್ಷ ನಮ್ಮ ಜತೆಗೇ ಉಂಡು ಮಲಗಿದ್ದ ಬಿ.ಪಿ. ಅದು.

ಇಂಥ ಒಬ್ಬರು ನಿಮ್ಮ ಓಣಿಯಲ್ಲೂ ಇದ್ದಾರೆ. ಐವತ್ತರ ಆಸುಪಾಸು, ಎರಡೆತ್ತಿನ ಹೊಲ, ಒಂದು ಕಾಲದಲ್ಲಿ ಭತ್ತದ ಚೀಲ ಹೆಗಲ ಮೇಲೆ ಹೊತ್ತವರು. ಯಾವುದೋ ಆರೋಗ್ಯ ಶಿಬಿರದಲ್ಲಿ "ನಿಮಗ ಶುಗರ್ ಐತಿ" ಅಂದಿದ್ದರು. ಶಿಬಿರದವರು ಸಂಜೆ ಹೋದರು, ಶುಗರ್ ಉಳಿಯಿತು. ಯಾರೂ ಮತ್ತೆ ಕರೆದು ಕೇಳಲಿಲ್ಲ. ಕೆಲವು ವರ್ಷದ ಮೇಲೆ ಕಾಲು ಬಾತು, ಉಸಿರು ಕಟ್ಟಿ ಆಸ್ಪತ್ರೆಗೆ ಒಯ್ದಾಗ ಕಿಡ್ನಿ ಹೋಗಿತ್ತು.

ಆಗ ಕಾರ್ಡ್ ಕೆಲಸ ಮಾಡಿತು. ವಾರಕ್ಕೆ ಎರಡೋ ಮೂರೋ ಸಲ ಡಯಾಲಿಸಿಸ್, ಬಿಲ್ಲಿಲ್ಲ. ಸರ್ಕಾರ ಒಂದು ವರ್ಷಕ್ಕೆ ಅವರ ಮೇಲೆ ಸುರಿಯುವ ದುಡ್ಡಿನಲ್ಲಿ ಇಡೀ ಓಣಿಯ ಶುಗರ್ ರೋಗಿಗಳಿಗೆ ವರ್ಷಗಟ್ಟಲೆ ಗುಳಿಗಿ ಕೊಡಬಹುದಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇದಕ್ಕೇ ಹುಟ್ಟಿದ್ದು ಅನಿಸುತ್ತದೆ.

ಕಾರ್ಡೇ ಬೇಡ ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲೇ 2010ರಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಬಗ್ಗೆ ಒಂದು ಗಟ್ಟಿ ಅಧ್ಯಯನ ಇದೆ. ಯೋಜನೆ ಮೊದಲು ಬಂದ ಉತ್ತರ ಕರ್ನಾಟಕದ ಹಳ್ಳಿಗಳನ್ನೂ, ಆಗಿನ್ನೂ ಬಾರದಿದ್ದ ಗಡಿಯಾಚೆಯ ಹಳ್ಳಿಗಳನ್ನೂ ಹೋಲಿಸಿ, ಒಟ್ಟು 572 ಹಳ್ಳಿಗಳಲ್ಲಿ ನಡೆದದ್ದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆಯಲ್ಲಿದ್ದ ಕಾಯಿಲೆಗಳಿಂದ ಸಾಯುವ ಬಡವರ ಪ್ರಮಾಣ ಯೋಜನೆ ಇದ್ದ ಹಳ್ಳಿಗಳಲ್ಲಿ ಶೇ. 64ರಷ್ಟು ಕಡಿಮೆ ಇತ್ತು. ದೊಡ್ಡ ಮಾತು ಅದು. ದೊಡ್ಡ ಆಸ್ಪತ್ರೆಯ ಬಾಗಿಲು ಬಡವನಿಗೆ ತೆರೆದರೆ ಜೀವ ಉಳಿಯುತ್ತದೆ ಎಂಬುದಕ್ಕೆ ನಮ್ಮ ಹಳ್ಳಿಗಳೇ ಸಾಕ್ಷಿ. ಹಾಗಿದ್ದರೆ ಸಣ್ಣ ಬಾಗಿಲನ್ನು ಯಾಕೆ ಮುಚ್ಚಿ ಇಟ್ಟಿದ್ದಾರೆ?

ಬೇರೆಯವರಿಗೆ ಆಗುತ್ತದೆ, ನಮಗೆ ಆಗುವುದಿಲ್ಲ

ಓಪಿಡಿಗೆ ದುಡ್ಡು ಕೊಡುವುದು ಆಗದ ಮಾತು, ಯಾವ ಸರ್ಕಾರಕ್ಕೂ ಸಾಧ್ಯವಿಲ್ಲ ಅಂತ ಅಧಿಕಾರಿಗಳು ಹೇಳುತ್ತಾರೆ. ಹಾಗಾದರೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವ ಹುಡುಗನನ್ನು ಕೇಳಿ. ಪಗಾರ 21 ಸಾವಿರದೊಳಗಿದ್ದರೆ ಅವನಿಗೆ ಇಎಸ್‌ಐ ಇರುತ್ತದೆ. ಅವನ ಪಗಾರದಿಂದ ಶೇ. 0.75, ಮಾಲೀಕರಿಂದ ಶೇ. 3.25 ಕಟ್ಟಾಗುತ್ತದೆ. ಅವನಿಗೆ ನೆಗಡಿ ಆದರೂ ಡಾಕ್ಟರು ನೋಡುತ್ತಾರೆ, ಔಷಧಿ ಕೊಡುತ್ತಾರೆ, ಹೆಂಡತಿ ಮಕ್ಕಳನ್ನೂ ನೋಡುತ್ತಾರೆ. ಈ ಕಾಯ್ದೆ ಬಂದದ್ದು 1948ರಲ್ಲಿ. ಕೆಲವು ರಾಜ್ಯಗಳಲ್ಲಿ ಇಎಸ್‌ಐ ಖಾಸಗಿ ಡಾಕ್ಟರುಗಳನ್ನೇ ಗೊತ್ತು ಮಾಡಿ, ಅವರ ಹೆಸರಿಗೆ ನೋಂದಾಯಿಸಿದ ಕಾರ್ಮಿಕರ ತಲೆ ಎಣಿಸಿ ವರ್ಷಕ್ಕಿಷ್ಟು ಅಂತ ಕೊಡುತ್ತದೆ. ಅಂದರೆ ಸರ್ಕಾರಿ ವಿಮೆ ಒಪ್ಪುವ ಕುಟುಂಬ ವೈದ್ಯ ಈ ದೇಶದಲ್ಲಿ ಎಂದಿನಿಂದಲೂ ಇದ್ದಾನೆ. ರೈತನಿಗೆ ಮಾತ್ರ ಇಲ್ಲ.

ಕೇಂದ್ರ ಸರ್ಕಾರಿ ನೌಕರರಿಗೂ ಸಿಜಿಎಚ್‌ಎಸ್ ಇದೆ. ಅವರ ವೆಲ್‌ನೆಸ್ ಸೆಂಟರಿಗೆ ಹೋಗಿ ಬಿ.ಪಿ. ಗುಳಿಗಿ ತರುತ್ತಾರೆ. ನಿಯಮ ಬರೆಯುವವರಿಗೆ ಹೊರರೋಗಿ ಚಿಕಿತ್ಸೆಯ ಬೆಲೆ ಚೆನ್ನಾಗಿ ಗೊತ್ತು. ತಮ್ಮ ಮನೆಗೆ ಅದನ್ನು ಬರೆದುಕೊಂಡಿದ್ದಾರೆ, ನಮ್ಮ ಕಾರ್ಡಿನಲ್ಲಿ ಬಿಟ್ಟಿದ್ದಾರೆ.

ನಮ್ಮದೇ ಯಶಸ್ವಿನಿ ಯೋಜನೆಯನ್ನೂ ನೆನೆಸಿಕೊಳ್ಳಿ. 2003ರಲ್ಲಿ ಸಹಕಾರಿ ಸಂಘದ ಸದಸ್ಯ ರೈತರಿಗಾಗಿ ಶುರುವಾದಾಗ ತಲೆಗೆ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ 60. ಮುಖ್ಯವಾಗಿ ಆಪರೇಷನ್ನಿಗೆ ಅಂತ ಮಾಡಿದ್ದು. ಆದರೂ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಡಾಕ್ಟರಿಗೆ ಹೊರರೋಗಿಯಾಗಿ ತೋರಿಸಿಕೊಳ್ಳುವುದು ಅದರಲ್ಲಿ ಉಚಿತ ಇತ್ತು. ಅರವತ್ತು ರೂಪಾಯಿಯ ಕಾರ್ಡಿನಲ್ಲಿ ಇದ್ದದ್ದು ಐದು ಲಕ್ಷದ ಕಾರ್ಡಿನಲ್ಲಿ ಯಾಕಿಲ್ಲ? 2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ, ರೈತರು ಗದ್ದಲ ಮಾಡಿದ ಮೇಲೆ 2022ರ ಕೊನೆಗೆ ಮತ್ತೆ ನೋಂದಣಿ ಶುರು ಮಾಡಿದರು. ಈಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ. ಈ 500 ಎಂಬ ಅಂಕಿ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಪಟ್ಟಣದವರಿಗೆ ಏನು ಕೊಟ್ಟರು ನೋಡಿ. 2022ರ ಡಿಸೆಂಬರ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 'ನಮ್ಮ ಕ್ಲಿನಿಕ್' ಯೋಜನೆಗೆ ಚಾಲನೆ ಕೊಟ್ಟದ್ದು ನಮ್ಮ ಹುಬ್ಬಳ್ಳಿಯಲ್ಲೇ. ನಗರದ ಬಡ ಬಡಾವಣೆಗಳಲ್ಲಿ ಮನೆ ಹತ್ತಿರವೇ ಒಬ್ಬ ಡಾಕ್ಟರ್, ನರ್ಸ್, ಲ್ಯಾಬ್, ಔಷಧಿ. ಒಳ್ಳೆಯ ಕೆಲಸ. ನಗರಕ್ಕೆ ಆಗುವುದಾದರೆ ಹಳ್ಳಿಗೆ ಯಾಕಾಗಬಾರದು? ಹಳ್ಳಿಗೆ ಉಪಕೇಂದ್ರಕ್ಕೇ 'ಆಯುಷ್ಮಾನ್ ಆರೋಗ್ಯ ಮಂದಿರ' ಅಂತ ಹೊಸ ಬೋರ್ಡು ಸಿಕ್ಕಿತು. ಬೋರ್ಡು ಚಲೋ ಇದೆ, ಒಳಗೆ ಡಾಕ್ಟರ್ ಇಲ್ಲ.

ಹೊರದೇಶದ ಮಾತು ಬೇಕೆಂದರೆ ಶ್ರೀಮಂತ ದೇಶವೇ ಬೇಕಿಲ್ಲ. ಥಾಯ್ಲೆಂಡ್ ನಮ್ಮಂತೆ ಭತ್ತ ಬೆಳೆಯುವ ದೇಶ. 2001-02ರಲ್ಲಿ ಅವರು '30 ಬಾತ್' ಯೋಜನೆ ತಂದರು. ಪ್ರತಿ ಮನೆಯನ್ನೂ ಹತ್ತಿರದ ಆರೋಗ್ಯ ಕೇಂದ್ರಕ್ಕೆ, ತಾಲೂಕು ಮಟ್ಟದ ಆಸ್ಪತ್ರೆಗೆ ನೋಂದಾಯಿಸಿದರು. ತಲೆಗಿಷ್ಟು ಅಂತ ಸರ್ಕಾರ ಆ ಆಸ್ಪತ್ರೆಗೆ ಮೊದಲೇ ದುಡ್ಡು ಕೊಡುತ್ತದೆ. ಜ್ವರಕ್ಕೂ ಅಲ್ಲೇ, ಶುಗರಿಗೂ ಅಲ್ಲೇ. ದೊಡ್ಡದಾದರೆ ಅವರೇ ಮುಂದೆ ಕಳಿಸುತ್ತಾರೆ.

ಇನ್ನೊಂದು ವಿಷಯ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲಿ ಕೇಂದ್ರ ಸರ್ಕಾರ ತಾನೇ ಎರಡು ಮಾತು ಬರೆದಿದೆ. ಆರೋಗ್ಯದ ದುಡ್ಡಿನ ಮೂರನೇ ಎರಡು ಭಾಗ ಅಥವಾ ಅದಕ್ಕೂ ಹೆಚ್ಚನ್ನು ಪ್ರಾಥಮಿಕ ಆರೈಕೆಗೆ ಇಡಬೇಕು. ಮತ್ತು ಪ್ರತಿ ಕುಟುಂಬಕ್ಕೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜೋಡಿಸಿದ ಆರೋಗ್ಯ ಕಾರ್ಡ್ ಕೊಡಬೇಕು. ಮುಂದಿನ ವರ್ಷವೇ ಕಾರ್ಡ್ ಬಂತು. ಆದರೆ ಅದನ್ನು ಜೋಡಿಸಿದ್ದು ಆಸ್ಪತ್ರೆಯ ಹಾಸಿಗೆಗೆ.

"ಆಗಂಗಿಲ್ಲ" ಅನ್ನುವವರಿಗೆ

ಮೊದಲ ತಕರಾರು: ಖಾಸಗಿ ಡಾಕ್ಟರಿಗೆ ಓಪಿಡಿ ದುಡ್ಡು ಕೊಟ್ಟರೆ ಸುಳ್ಳು ಬಿಲ್ ಹಚ್ಚುತ್ತಾರೆ. ಬಂದ ರೋಗಿಗಿಷ್ಟು, ಸೂಜಿಗಿಷ್ಟು ಅಂತ ಕೊಟ್ಟರೆ ಖಂಡಿತ ಹಚ್ಚುತ್ತಾರೆ. ಅದಕ್ಕೇ ಹಾಗೆ ಕೊಡಬಾರದು. ಮನೆಗಿಷ್ಟು ಅಂತ ವರ್ಷಕ್ಕೊಮ್ಮೆ ಕೊಡಬೇಕು. ಆಗ ಲೆಕ್ಕವೇ ತಿರುಗುತ್ತದೆ. ಸೂಜಿಗಿಷ್ಟು ಅಂದರೆ ನೀವು ಕಾಯಿಲೆ ಬಿದ್ದಷ್ಟೂ ಡಾಕ್ಟರಿಗೆ ಲಾಭ. ಮನೆಗಿಷ್ಟು ಅಂದರೆ ನೀವು ಗಟ್ಟಿಯಾಗಿದ್ದಷ್ಟೂ ಡಾಕ್ಟರಿಗೆ ಆರಾಮ. ಇದರಲ್ಲೂ ಒಂದು ಅಪಾಯ ಇದೆ, ದುಡ್ಡು ತಗೊಂಡು ನೋಡದೇ ಇರಬಹುದು. ಅದಕ್ಕೆ ಮದ್ದು ಸರಳ: ಡಾಕ್ಟರನ್ನು ಬದಲಾಯಿಸುವ ಹಕ್ಕು ವರ್ಷಕ್ಕೊಮ್ಮೆ ಮನೆಯವರಿಗೇ ಇರಲಿ. ಜನ ಎದ್ದು ಹೋದರೆ ದುಡ್ಡೂ ಎದ್ದು ಹೋಗುತ್ತದೆ.

ಎರಡನೆಯದು: ದುಡ್ಡೆಲ್ಲಿದೆ? ಆಗಲೇ ಹೇಳಿದ ಅಂಕಿ ತಗೊಳ್ಳಿ. ಒಂದು ಮನೆಗೆ ವರ್ಷಕ್ಕೆ 500 ರೂಪಾಯಿ. ಒಂದು ಊರಿನ ಸಾವಿರ ಮನೆಗೆ 5 ಲಕ್ಷ. ಒಂದೇ ಒಂದು ಮನೆಯ ಕಾರ್ಡಿನ ಮೇಲೆ ಬರೆದಿರುವ ಮಿತಿ ಅಷ್ಟೇ ಇದೆ! ಐದು ಲಕ್ಷ ಒಬ್ಬ ಡಾಕ್ಟರಿಗೆ ಪೂರ್ತಿ ಪಗಾರ ಆಗಲಿಕ್ಕಿಲ್ಲ. ಆದರೆ ಈಗಾಗಲೇ ಕ್ಲಿನಿಕ್ ನಡೆಸುವವರಿಗೆ ತಿಂಗಳಿಗೆ ನಲವತ್ತು ಸಾವಿರದಷ್ಟು ಖಾತ್ರಿ ಆದಾಯ ಸಣ್ಣದಲ್ಲ. ಇಬ್ಬರು ಸೇರಿ ನಾಲ್ಕು ಊರು ನೋಡಿದರೆ ಲೆಕ್ಕ ಇನ್ನೂ ಸರಿಹೋಗುತ್ತದೆ. ಒಬ್ಬರ ಡಯಾಲಿಸಿಸ್ ಐದು ವರ್ಷ ಮುಂದೆ ಹೋದರೂ ಸರ್ಕಾರಕ್ಕೆ ಉಳಿತಾಯವೇ.

ಮೂರನೆಯದು: ಖಾಸಗಿಯವರು ಒಪ್ಪುವುದಿಲ್ಲ, ಸರ್ಕಾರ ಬಿಲ್ ಬೇಗ ಕೊಡುವುದಿಲ್ಲ ಎಂಬ ಹೆದರಿಕೆ ಅವರಿಗಿದೆ. ಈ ಹೆದರಿಕೆ ಸುಳ್ಳಲ್ಲ. ಬಾಕಿ ಬಿಲ್ಲಿನ ದೂರು ದೊಡ್ಡ ಆಸ್ಪತ್ರೆಗಳಿಂದಲೇ ಬರುತ್ತಿದೆ. ದೊಡ್ಡ ಆಸ್ಪತ್ರೆ ಆರು ತಿಂಗಳು ತಡಕೊಂಡೀತು, ಸಣ್ಣ ಕ್ಲಿನಿಕ್ ತಡಕೊಳ್ಳುವುದಿಲ್ಲ. ಹಾಗಾಗಿ ಹಣ ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಹೋಗಬೇಕು. ಬಿಲ್ಲೇ ಇಲ್ಲದ ಪದ್ಧತಿಯಲ್ಲಿ ಬಾಕಿ ಬಿಲ್ಲಿನ ಜಗಳವೂ ಇರುವುದಿಲ್ಲ.

ನಾಲ್ಕನೆಯದು ನನಗೆ ಗಂಭೀರ ಅನಿಸುವ ತಕರಾರು: ಖಾಸಗಿಗೆ ದುಡ್ಡು ಹೋದರೆ ಸರ್ಕಾರಿ ಆರೋಗ್ಯ ಕೇಂದ್ರ ಸೊರಗುತ್ತದೆ. ಅದಕ್ಕಾಗಿ ಮೊದಲ ಹಕ್ಕು ಸರ್ಕಾರಿ ಕೇಂದ್ರಕ್ಕೇ ಇರಲಿ. ಅಲ್ಲಿ ಖಾಯಂ ಡಾಕ್ಟರನ್ನು ಕೊಟ್ಟು, ಸಂಜೆ ಓಪಿಡಿ ನಡೆಸಿದರೆ ಆ ಊರಿನ ಕುಟುಂಬ ವೈದ್ಯರು ಅವರೇ, ಆ ದುಡ್ಡೂ ಅದೇ ಕೇಂದ್ರಕ್ಕೆ. ಸರ್ಕಾರಕ್ಕೆ ಅದು ಆಗದ ಕಡೆ ಮಾತ್ರ ಖಾಸಗಿ. ಒಂದಲ್ಲ ಒಂದು ಬಾಗಿಲು ತೆರೆಯಲಿ. ಎರಡೂ ಮುಚ್ಚಿಟ್ಟು ಕೈಗೆ ಕಾರ್ಡ್ ಕೊಡುವುದು ಬೇಡ.

ನಾವು ಕೇಳಬೇಕಾದ್ದು

ಒಂದು: ಪ್ರತಿ ಆಯುಷ್ಮಾನ್ ಕಾರ್ಡಿನ ಹಿಂದೆ ಒಬ್ಬ ಡಾಕ್ಟರ ಹೆಸರು ಇರಬೇಕು. ರೇಷನ್ ಕಾರ್ಡಿಗೆ ಒಂದು ಅಂಗಡಿ ಇರುವ ಹಾಗೆ.

ಎರಡು: ವಾರಕ್ಕೆ ಕನಿಷ್ಠ ಎರಡು ದಿನ ಸಂಜೆ ಓಪಿಡಿ. ದುಡಿಯುವ ಜನ ದುಡಿದು ಬಂದ ಮೇಲೆ ಹೋಗುವಂತಿರಬೇಕು.

ಮೂರು: ಶುಗರ್, ಬಿ.ಪಿ. ಗುಳಿಗಿ ಒಮ್ಮೆಗೆ ಪೂರ್ತಿ ತಿಂಗಳಿನದ್ದು, ಊರಿನ ಉಪಕೇಂದ್ರದಲ್ಲೇ. ಹತ್ತು ಗುಳಿಗಿ ಕೊಟ್ಟು "ಮತ್ತೆ ಬಾ" ಅನ್ನುವುದು ನಿಲ್ಲಬೇಕು.

ನಾಲ್ಕು: ರೆಫರಲ್ ಚೀಟಿ ನಮ್ಮನ್ನು ಬಲ್ಲ ಆ ಡಾಕ್ಟರಿಂದಲೇ ಸಿಗಬೇಕು. ದೊಡ್ಡ ಆಸ್ಪತ್ರೆ ಏನು ಮಾಡಿತು ಎಂಬ ಕಾಗದ ಅವರಿಗೇ ವಾಪಸ್ ಬರಬೇಕು. 16ನೇ ದಿನದಿಂದ ನೋಡಿಕೊಳ್ಳುವವರು ಅವರು.

ಐದು: ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಲೆಕ್ಕ. ನರೇಗಾ ಕಾಮಗಾರಿಗೆ ಸಾಮಾಜಿಕ ಪರಿಶೋಧನೆ ಇರುವಂತೆ ಇದಕ್ಕೂ ಇರಲಿ. ಎಷ್ಟು ಜನಕ್ಕೆ ಶುಗರ್ ಇದೆ, ಎಷ್ಟು ಜನಕ್ಕೆ ಹತೋಟಿಯಲ್ಲಿದೆ, ಎಷ್ಟು ತಿಂಗಳು ಗುಳಿಗಿ ಇರಲಿಲ್ಲ. ಹೆಸರು ಬೇಡ, ಅಂಕಿ ಸಾಕು.

ಕಾರ್ಡಿನ ಮೇಲೆ ಯಾರ ಹೆಸರಿರಬೇಕು, ಯಾರ ಫೋಟೋ ಇರಬೇಕು ಅಂತ ದಿಲ್ಲಿ ಮತ್ತು ಬೆಂಗಳೂರು ವರ್ಷಗಟ್ಟಲೆ ಎಳೆದಾಡಿವೆ. ನಮಗೆ ಬೇಕಾದ ಹೆಸರು ಇವರಿಬ್ಬರದೂ ಅಲ್ಲ. ನಮ್ಮ ಅವ್ವನ ಬಿ.ಪಿ. ಗೊತ್ತಿರುವ ಡಾಕ್ಟರದು.

ಅಲ್ಲಿಯವರೆಗೆ

ಕಾರ್ಡ್ ಇದ್ದವರು ಇಷ್ಟು ತಿಳಿದಿರಿ. ಕ್ಲಿನಿಕ್ಕಿಗೆ ಒಯ್ಯಬೇಡಿ, ನಡೆಯುವುದಿಲ್ಲ. ಆಸ್ಪತ್ರೆಗೆ ಸೇರಿಸುವ ಮಾತು ಬಂದಾಗ ಮೊದಲು ಅಲ್ಲಿನ ಆರೋಗ್ಯ ಮಿತ್ರರನ್ನು ಹುಡುಕಿ, "ಇದು ಯಾವ ವರ್ಗದ ಚಿಕಿತ್ಸೆ, ರೆಫರಲ್ ಚೀಟಿ ಬೇಕೋ ಬೇಡವೋ" ಅಂತ ಬಾಯಿಬಿಟ್ಟು ಕೇಳಿ. ತುರ್ತು ಇದ್ದರೆ ಚೀಟಿಗಾಗಿ ಅಲೆಯಬೇಡಿ, ನೇರ ಹೋಗಿ. ಕಾರ್ಡಿನಲ್ಲಿ ಚಿಕಿತ್ಸೆ ಕೊಟ್ಟೂ ಮೇಲೆ ದುಡ್ಡು ಕೇಳಿದರೆ 14555ಕ್ಕೆ ಫೋನ್ ಮಾಡಿ ದೂರು ಕೊಡಿ. ಆರೋಗ್ಯದ ಸಲಹೆಗೆ, ದೂರಿಗೆ 104 ಇದೆ.

ಮನೆಗೊಂದು ನೋಟ್‌ಬುಕ್ ಮಾಡಿ. ಪ್ರತಿ ಸಲದ ಬಿ.ಪಿ., ಶುಗರ್, ಗುಳಿಗಿ ಹೆಸರು, ತಾರೀಖು ಬರೆದಿಡಿ. ಡಾಕ್ಟರ್ ಬದಲಾದರೂ ಪುಸ್ತಕ ಬದಲಾಗುವುದಿಲ್ಲ. ಮೈ ಹಗುರ ಆಯಿತೆಂದು ಬಿ.ಪಿ., ಶುಗರ್ ಗುಳಿಗಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ದೊಡ್ಡ ಕೆಲಸ ಇದೆ, ಅದಕ್ಕೆ ದುಡ್ಡು ಬೇಡ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಲೇಬೇಕು ಅನ್ನುತ್ತದೆ ಕಾನೂನು. ಊರಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೊಂದು ಆರೋಗ್ಯ ರಕ್ಷಾ ಸಮಿತಿ ಇರಬೇಕು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಕೊನೆಯ ಸಭೆ ಯಾವಾಗ ಆಯಿತು ಕೇಳಿ. ಮೇಲಿನ ಐದು ಬೇಡಿಕೆಗಳನ್ನು ಒಂದು ಹಾಳೆಯಲ್ಲಿ ಬರೆದು ಸಭೆಯಲ್ಲಿ ಓದಿ, ಠರಾವು ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ಇಟ್ಟುಕೊಳ್ಳಿ. ಶಾಸಕರು ಮತ ಕೇಳಲು ಬಂದಾಗ ಆ ನಕಲನ್ನೇ ಮುಂದಿಡಿ.

ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಹುಟ್ಟಿದ್ದು 1905ರಲ್ಲಿ, ಆಗಿನ ನಮ್ಮ ಧಾರವಾಡ ಜಿಲ್ಲೆಯ ಕಣಗಿನಹಾಳದಲ್ಲಿ. ಸಾಹುಕಾರನ ಬಡ್ಡಿಗೆ ಬೇಸತ್ತ ರೈತರು ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೂಡಿ ಮಾಡಿದರು. ಅವತ್ತೂ "ಹಳ್ಳಿ ಮಂದಿಯಿಂದ ಏನಾಗತೈತಿ" ಅಂದವರು ಇದ್ದೇ ಇದ್ದಿರಬೇಕು. ಸಾಲಕ್ಕೆ ಕೂಡಿದ ಜಿಲ್ಲೆ ಇದು, ಒಬ್ಬ ಡಾಕ್ಟರಿಗಾಗಿ ಕೂಡಲಾರದೇ? ಮುಂದಿನ ಗ್ರಾಮಸಭೆಯ ಡಂಗುರ ಸಾರಿದ ದಿನ ಹೊಲಕ್ಕೆ ಹೋಗಬೇಡಿ. ಕಾರ್ಡ್ ಹಿಡಿದುಕೊಂಡು ಸಭೆಗೆ ಬನ್ನಿ.